ಕುದಿಸಿದ ಕೋಟು

9 ಅಕ್ಟೋಬರ್

ಅಕ್ಕಾ,

ಪತ್ರದಲ್ಲಿ ಮೊದಲು ಕ್ಷೇಮ, ಆಮೇಲೆ ಗೋಳು ಅಂತ ನೀನೇ ಕಲಿಸಿದ್ದು. ಹಾಗಾಗಿ ಕೇಳು: ಕ್ಷೇಮವಾಗಿದ್ದೇನೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಹೋದ ವಾರದ ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ, "ವೈರಸ್ಸು ಹುಡುಕಿದ್ರೂ ಸಿಗ್ತಿಲ್ಲ, ಹೀಗೇ ಇರಮ್ಮ" ಅಂದರು. ಎಚ್‌ಐವಿ ಇದ್ದವರೂ ಮಾತ್ರೆ ನುಂಗಿಕೊಂಡು ಮುದುಕಿಯರಾಗಬಹುದಂತೆ. ಮುದುಕಿಯಾಗಬೇಕು ಅನ್ನುವ ಆಸೆ ನನಗೆ ಇದೇ ಮೊದಲ ಸಲ ಬಂದಿದೆ, ನಗಬೇಡ.

ಇದರ ಜತೆ ಕಳಿಸಿದ ಪಾರ್ಸಲ್ಲು ಸಿಕ್ಕಿತಾ? ಚೂಟಿಗೆ ಉಣ್ಣೆಯ ಕೋಟು. ನಮ್ಮ ಹೊಲಿಗೆ ಹಾಲ್‌ನಲ್ಲಿ ದೊಡ್ಡವರ ಕೋಟು ಕತ್ತರಿಸಿ ಉಳಿದ ಬಟ್ಟೆಯನ್ನು ಸೂಪರ್‌ವೈಸರ್‌ನ ಕೇಳಿಯೇ ತಂದದ್ದು. ಗಾಢ ನೀಲಿ, ಒಳಗೆ ಹಳದಿ ಲೈನಿಂಗ್. ಎರಡು ಚಳಿಗಾಲಕ್ಕೆ ಆಗಲಿ ಅಂತ ದೊಗಳೆಯಾಗಿಯೇ ಹೊಲಿದಿದ್ದೇನೆ. ತೋಳಿನ ಬಟ್ಟೆ ಒಳಗೆ ಮಡಿಚಿಟ್ಟಿದೆ, ಬೆಳೆದ ಹಾಗೆ ಬಿಚ್ಚಿಕೊಂಡು ಹೋಗು. ಅವಳು ಹಾಕಿಕೊಂಡು ಏನಂದಳು ಅಂತ ಬರಿ. ಅವಳ ಕೈಯಲ್ಲೂ ಎರಡು ಸಾಲು ಬರೆಸು.

ಈಗ ನಿಜವಾದ ಮಾತು. ಚೂಟಿಯ ಅಪ್ಪ ತೀರಿಕೊಂಡ ಮೇಲೆ, ಅವರ ಕಾಯಿಲೆ ನನ್ನಲ್ಲೂ ಇದೆ ಅಂತ ಗೊತ್ತಾಗಿ ನಾನು ಹಾಸಿಗೆ ಹಿಡಿದಾಗ, ಅವಳನ್ನು ನಿನ್ನ ಮಡಿಲಿಗೆ ಹಾಕಿ ಇಲ್ಲಿನ ಆಸ್ಪತ್ರೆಗೆ ಬಂದೆ. ಅವಳಿಗೆ ಸೋಂಕಿಲ್ಲ ಅಂತ ಪರೀಕ್ಷೆಯಲ್ಲಿ ಖಚಿತವಾಗಿದೆ. ನಾನೂ ಎದ್ದು ಓಡಾಡುತ್ತಿದ್ದೇನೆ. ದೊಡ್ಡ ರಜೆಗೆ ಅವಳನ್ನು ಕರೆದುಕೊಂಡು ಬಾ. ಅವಳಿಗೆ ಇಲ್ಲಿ ಹಿಡಿಸಿದರೆ ಮುಂದಿನ ವರ್ಷ ನನ್ನ ಹತ್ತಿರವೇ ಓದಲಿ. ಎಂಟು ವರ್ಷದ ಮಗಳು ಅಮ್ಮನ ಮುಖ ಮರೆಯುವ ಮೊದಲು ಇದಾಗಬೇಕು.

ಫೋನಿನಲ್ಲಿ ಈ ಮಾತು ಬೇಡ ಅಂತ ನೀನೇ ಅಂದಿದ್ದೆ. ನಿನ್ನ ಶಿಶುವಿಹಾರಕ್ಕೆ ಕೂಸುಗಳನ್ನು ಬಿಡಲು ಬರುವ ತಾಯಂದಿರ ಕಿವಿ ಎಷ್ಟು ಚುರುಕು ಅಂತ ನನಗೂ ಗೊತ್ತು. ಅದಕ್ಕೇ ಕಾಗದ.

ನಿನ್ನ ತಂಗಿ

28 ಅಕ್ಟೋಬರ್

ಕಡ್ಡೀ,

ಈಗಲಾದರೂ ಮೈಗೆ ಸ್ವಲ್ಪ ಹತ್ತಿದೆಯೋ, ಇನ್ನೂ ಆ ಅಡ್ಡಹೆಸರಿಗೆ ತಕ್ಕ ಹಾಗೇ ಇದ್ದೀಯೋ? ಹೊಟ್ಟೆ ತುಂಬ ತಿನ್ನು. ಮುದುಕಿಯಾಗುವ ಮಾತು ಓದಿ ನಗಲಿಲ್ಲ, ಅತ್ತೆ.

ಇಲ್ಲಿ ನನ್ನ ಪುಟಾಣಿ ಸೈನ್ಯ ಹೆಚ್ಚಾಗಿದೆ. ಹೊಸದಾಗಿ ಸೇರಿದ ಒಂದು ಗಂಡು ಕೂಸು ಸಿಕ್ಕಿದವರನ್ನೆಲ್ಲ ಕಚ್ಚುತ್ತದೆ. ಮೊನ್ನೆ ನಿನ್ನ ಭಾವನ ಬೆರಳು ಕಚ್ಚಿತು. ಗಡಿಯಾರ ರಿಪೇರಿ ಮಾಡುವ ಬೆರಳು ನೋಡು, ಎರಡು ದಿನ ಅಂಗಡಿಯಲ್ಲಿ ಸುಮ್ಮನೆ ಕೂತು ಬಂದರು. ಬೆಳಗ್ಗೆ ಎದ್ದರೆ ಬಾಟಲಿ ಕುದಿಸು, ಬಟ್ಟೆ ಕುದಿಸು, ಆಟಿಕೆ ಕುದಿಸು, ನನ್ನ ಬಾಳೇ ಒಂದು ಹಂಡೆ ಆಗಿಹೋಗಿದೆ.

ಕೋಟು ಬಂತು. ಕಣ್ಣಿಗೆ ಹಬ್ಬ. ಚೂಟಿ ಅದನ್ನು ಮೈಯಿಂದ ಬಿಚ್ಚುವುದೇ ಇಲ್ಲ. ಅಳತೆ ಹೇಳಿ ಮಾಡಿಸಿದ ಹಾಗಿದೆ. ಅವಳ ಎರಡು ಸಾಲು ಈ ಸಲ ಆಗಲಿಲ್ಲ, ಆಟದ ಮೈದಾನದಿಂದ ಇನ್ನೂ ಬಂದಿಲ್ಲ.

ರಜೆಯ ಮಾತು ಈಗಲೇ ಯಾಕೆ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗಾಗುತ್ತದೆ. ಹತ್ತಿರ ಬರಲಿ, ನೋಡೋಣ. ಇಲ್ಲಿ ಎಲ್ಲರಿಗೂ ನಿನಗೆ ಎದೆಯ ತೊಂದರೆ, ಗಾಳಿ ಬದಲಾವಣೆಗೆ ಹೋಗಿದ್ದಾಳೆ ಅಂತ ಹೇಳಿದ್ದೇನೆ. ಯಾರಾದರೂ ಕೇಳಿದರೆ ನೀನೂ ಅದನ್ನೇ ಹೇಳು.

ಅಂದ ಹಾಗೆ, ಹೊಲಿಯುವಾಗ ಈಗಲೂ ದಾರವನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸುತ್ತೀಯಾ? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ

15 ನವೆಂಬರ್

ಅಕ್ಕಾ,

ಹೂಂ, ದಾರ ಈಗಲೂ ಹಲ್ಲಲ್ಲೇ. ಹುಟ್ಟುಗುಣ ಸುಟ್ಟರೂ ಹೋಗದು. ಚಿಕ್ಕವಳಿದ್ದಾಗ ಅದಕ್ಕೆ ನಿನ್ನ ಕೈಯಲ್ಲಿ ಎಷ್ಟು ಬೈಸಿಕೊಂಡಿದ್ದೆ! ಅದನ್ನೂ ನೆನಪಿಟ್ಟುಕೊಂಡಿದ್ದೀಯಲ್ಲ ಅಂತ ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಇಲ್ಲೊಂದು ಸಂಗತಿ ನಡೆಯಿತು. ನಮ್ಮ ಹಾಲ್‌ನಲ್ಲಿ ಕಾಜಾ ಹಾಕುವ ಹೆಂಗಸೊಬ್ಬಳಿದ್ದಾಳೆ. ಅವಳು ತನ್ನ ಮಾವನ ಔಷಧಿಗೆ ಆಸ್ಪತ್ರೆಗೆ ಬಂದಾಗ ನಾನು ನಮ್ಮ ಕಿಟಕಿಯ ಮುಂದೆ ನಿಂತಿದ್ದೆ. ಆ ಕಿಟಕಿಗೆ ಬೋರ್ಡಿಲ್ಲ, ಆದರೂ ಆ ಸಾಲು ಯಾವ ಕಾಯಿಲೆಯ ಸಾಲು ಅಂತ ಊರಿಗೆಲ್ಲ ಗೊತ್ತು. ಇಬ್ಬರೂ ನೋಡಿಕೊಂಡೆವು. ನಾನು ನಕ್ಕೆ, ಅವಳು ನಗಲಿಲ್ಲ.

ಮಾರನೆಯ ದಿನ ಯಾರೂ ಏನೂ ಅನ್ನಲಿಲ್ಲ. ನಮ್ಮ ಮೇಜಿನ ಹರಿತವಾದ ಕತ್ತರಿಗೆ ದಿನವೂ ಜಡೆ ಜಗಳ ನಡೆಯುತ್ತಿತ್ತು. ಈಗ ನಾನು ಒಂದು ಸಲ ಮುಟ್ಟಿದರೆ ಸಾಕು, ಸಂಜೆಯವರೆಗೂ ಅದು ನನ್ನದೇ. ನೀರಿನ ಕೊಡದ ಪಕ್ಕದಲ್ಲಿರುವ ಲೋಟಗಳಲ್ಲಿ ಒಂದಕ್ಕೆ ಕೆಂಪು ದಾರ ಕಟ್ಟಿದ್ದಾರೆ. ಯಾರದ್ದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊಲಿಗೆಯವರಲ್ಲವಾ, ಅವಮಾನವನ್ನೂ ಗಂಟು ಕಾಣದ ಹಾಗೆ ಹಾಕುತ್ತಾರೆ.

ನಾನೇ ಕೇಳಿಕೊಂಡು ಮನೆಯಲ್ಲೇ ಹೊಲಿಯುವ ಕೆಲಸ ತೆಗೆದುಕೊಂಡೆ. ಚೂಟಿ ಬಂದಾಗ ಮನೆಯಲ್ಲೇ ಇರಬಹುದಲ್ಲ, ಒಳ್ಳೆಯದೇ ಆಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ರಿಟೈರ್ಡ್ ಮೇಷ್ಟ್ರು ಸಿಗುತ್ತಾರೆ. ಅವರು ಪ್ರತಿ ಸಲವೂ ಮನೆಯಲ್ಲಿ ಹಲ್ಲು ನೋವು ಅಂತ ಹೇಳಿ ಬರುವುದು. "ಇಷ್ಟೊತ್ತಿಗೆ ನನ್ನ ಬಾಯಲ್ಲಿ ಒಂದು ಹಲ್ಲೂ ಇರಬಾರದಿತ್ತು, ಸೊಸೆ ಇನ್ನೂ ನಂಬ್ತಾಳೆ ನೋಡಮ್ಮ" ಅಂತ ಬೆಂಚೆಲ್ಲ ನಗಿಸುತ್ತಾರೆ. ಮೊನ್ನೆ ನಗಿಸುತ್ತಾ ನಗಿಸುತ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮೊಮ್ಮಗನನ್ನು ಎತ್ತಿಕೊಳ್ಳದೆ ವರ್ಷವಾಯಿತಂತೆ. ಯಾರೂ ಬೇಡ ಅಂದಿಲ್ಲ, ಇವರೇ ಎತ್ತಿಕೊಳ್ಳುವುದಿಲ್ಲ. ಹಾಗೆ ಮಾಡಬೇಡಿ ಸಾರ್ ಅಂತ ಬೈದೆ.

ನನಗೆ ನೀನಿದ್ದೀಯ. ಆ ಮಟ್ಟಿಗೆ ನಾನು ಅವರಿಗಿಂತ ಪುಣ್ಯವಂತೆ. ಕೋಟು ಹಾಕಿಕೊಂಡ ಚೂಟಿಯ ಒಂದು ಫೋಟೋ ಕಳಿಸಕ್ಕಾ. ಗೋಡೆಗೆ ಅಂಟಿಸಿಕೊಂಡು ಹೊಲಿಯುತ್ತೇನೆ.

ತಂಗಿ

20 ಡಿಸೆಂಬರ್

ಕಡ್ಡೀ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೂಸುಗಳಿಗೆಲ್ಲ ನೆಗಡಿ. ಚೂಟಿಗೆ ಪರೀಕ್ಷೆ. ಭಾವನಿಗೆ ಬೆನ್ನು ನೋವು.

ಫೋಟೋ ಇಟ್ಟಿದ್ದೇನೆ. ಕೋಟು ಸ್ವಲ್ಪ ಬಿಗಿಯಾಗಿದೆ. ಈ ವಯಸ್ಸಿನ ಮಕ್ಕಳು ಹೇಗೆ ಬೆಳೆಯುತ್ತಾರೆ ಅಂತ ನಿನಗೆ ಗೊತ್ತಲ್ಲ. ರಜೆಗೆ ಈ ವರ್ಷ ಕಷ್ಟವಾಗಬಹುದು. ಶಾಲೆಯವರು ಏನೋ ಹಾಡಿನ ತರಗತಿ ಇಟ್ಟಿದ್ದಾರಂತೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಾತ್ರೆ ಮರೆಯಬೇಡ.

ಅಕ್ಕ

26 ಡಿಸೆಂಬರ್

ಅಕ್ಕಾ,

ಫೋಟೋ ನೋಡಿದೆ. ಮಗಳ ಮುಖ ನೋಡುವ ಮೊದಲು ಕೋಟು ನೋಡಿದೆ. ಹಾಳು ಕಸುಬು, ಕಣ್ಣು ಅಲ್ಲಿಗೇ ಹೋಗುತ್ತದೆ.

ಹುಡುಗಿ ಬೆಳೆಯುತ್ತಾಳೆ, ಒಪ್ಪಿದೆ. ಹುಡುಗಿ ಬೆಳೆದರೆ ಲೈನಿಂಗ್ ಹೊರಗೆ ಜೋತುಬೀಳುವುದಿಲ್ಲ. ಉಣ್ಣೆ ಕುಗ್ಗಿದೆ, ಲೈನಿಂಗ್ ಕುಗ್ಗಿಲ್ಲ, ಅದಕ್ಕೇ ಕೆಳಗಿನ ಅಂಚಿನಲ್ಲಿ ಹಳದಿ ಬಟ್ಟೆ ನಾಲಿಗೆ ಚಾಚಿದೆ. ತೋಳು ಮೊಣಕೈ ಹತ್ತಿರ ಬಂದಿದೆ. ಬಟ್ಟೆ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿದೆ. ಕತ್ತರಿಸುವ ಮೊದಲು ಆ ಬಟ್ಟೆಯನ್ನು ನಾನೇ ನೆನೆಸಿ ಒಣಗಿಸಿದ್ದೆ, ತಣ್ಣೀರಿಗೆ ಹಾಗಾಗುವುದಿಲ್ಲ. ಹಂಡೆಗೆ ಹಾಕಿ ಕುದಿಸಿದರೆ ಮಾತ್ರ ಆಗುತ್ತದೆ.

ಕುದಿಸಿದೆಯಾ ಅಕ್ಕಾ?

ದಾರ ಹಲ್ಲಲ್ಲಿ ಕಚ್ಚುತ್ತೀಯಾ ಅಂತ ಯಾಕೆ ಕೇಳಿದೆ ಅನ್ನುವುದು ಈಗ ಹೊಳೆಯಿತು. ನಾನೊಬ್ಬಳು ಹುಚ್ಚಿ, ಅಕ್ಕನಿಗೆ ನನ್ನ ಬಾಲ್ಯ ನೆನಪಾಗಿದೆ ಅಂದುಕೊಂಡು ಕುಣಿದೆ. ಮೈಯಿಂದ ಬಿಚ್ಚುವುದೇ ಇಲ್ಲ ಅಂತ ಬರೆದೆಯಲ್ಲ, ಫೋಟೋಗೆ ಅಂತ ಎಷ್ಟು ಹಿಂಸೆಪಟ್ಟು ತುರುಕಿದೆಯೋ ಪಾಪ, ಅವಳ ಕೈ ಕೆಳಗೇ ಇಳಿದಿಲ್ಲ.

ನಾನೂ ಸುಳ್ಳು ಬರೆದಿದ್ದೆ, ಲೆಕ್ಕ ಚುಕ್ತಾ. ಮನೆಯಲ್ಲಿ ಹೊಲಿಯುವ ಕೆಲಸ ನಾನು ಕೇಳಿ ತೆಗೆದುಕೊಂಡದ್ದಲ್ಲ. "ಇವಳು ಇಲ್ಲಿ ಕೂತ್ರೆ ನಾವು ಮಿಶಿನ್ ಮುಟ್ಟಲ್ಲ" ಅಂತ ಹಾಲ್‌ನವರೆಲ್ಲ ಎದ್ದು ನಿಂತರು. ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ತಲೆ ತಗ್ಗಿಸಿಕೊಂಡೇ ನನ್ನನ್ನು ಕಳಿಸಿದ. ಈಗ ಒಂದು ಅಂಗಡಿಗೆ ಚೀಲ ಹೊಲಿಯುತ್ತೇನೆ. ಅವರಿಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ನಡೆಯುತ್ತದೆ.

ಹಾಲ್‌ನವರು ಲೋಟಕ್ಕೆ ದಾರ ಕಟ್ಟಿದಾಗ ನಾನು ಅಳಲಿಲ್ಲ. ಪರರು, ಅವರಿಗೇನು ಗೊತ್ತು ಅಂದುಕೊಂಡೆ. ನಿನ್ನನ್ನು ಏನಂದುಕೊಳ್ಳಲಿ? ನನ್ನ ಎಂಜಲು ತಿಂದು ಬೆಳೆದವಳು ನೀನು, ನಿನ್ನ ಎಂಜಲು ತಿಂದು ಬೆಳೆದವಳು ನಾನು.

ರಜೆಗೆ ಅವಳನ್ನು ಕರೆತರುತ್ತೀಯೋ ಇಲ್ಲವೋ, ಒಂದೇ ಮಾತಿನಲ್ಲಿ ಬರಿ. ಇಲ್ಲವಾದರೆ ನಾನೇ ಬಂದು, ನಿನ್ನ ಕೂಸುಗಳ ತಾಯಂದಿರು ಸಾಲಾಗಿ ನಿಂತಿರುವಾಗ ನಿನ್ನ ಬಾಗಿಲು ತಟ್ಟುತ್ತೇನೆ.

2 ಫೆಬ್ರವರಿ

ಕಡ್ಡೀ,

ಬರೆದು ಬರೆದು ಹರಿದೆ. ನಿನ್ನ ಭಾವ, "ಹರಿದಿದ್ದು ಸಾಕು, ತಪ್ಪಾಯ್ತು ಅಂತ ಒಂದೇ ಸಾಲು ಬರೆದು ಹಾಕು" ಅಂದರು. ಒಂದು ಸಾಲಿಗೆ ನಿಲ್ಲುವ ನಾಲಿಗೆಯೇ ನನ್ನದು?

ಹೌದು, ಕುದಿಸಿದೆ. ಪಾರ್ಸಲ್ಲು ಬಿಚ್ಚಿದಾಗ ಕಾಲರಿನ ಹತ್ತಿರ ಒಂದು ದಾರದ ತುದಿ ಕಂಡಿತು. ಕಚ್ಚಿ ಕತ್ತರಿಸಿದ ತುದಿ. ಉಣ್ಣೆ ಕುದಿಸಬಾರದು ಅಂತ ನನಗೆ ಗೊತ್ತಿಲ್ಲವಾ? ಗೊತ್ತಿದ್ದೂ ಹಾಕಿದೆ. ಮಕ್ಕಳ ಮನೆಯಲ್ಲಿ ಯಾವುದಕ್ಕೆ ಹೆದರಿದರೂ ನಾನು ಮಾಡುವುದು ಅದೊಂದೇ, ಕುದಿಸುವುದು. ಕೋಲಿನಿಂದ ಎತ್ತಿ ನೋಡಿದಾಗ ಅದು ಗೊಂಬೆಯ ಕೋಟಾಗಿತ್ತು. ಹಂಡೆಯ ಮುಂದೆ ಕೂತು ಅತ್ತೆ. ಆಮೇಲೆ ನಿನಗೆ ಕಣ್ಣಿಗೆ ಹಬ್ಬ ಅಂತ ಬರೆದೆ.

ದಾರದಿಂದ ಬರುತ್ತದಾ, ಬಟ್ಟೆಯಿಂದ ಬರುತ್ತದಾ ಅಂತ ಯಾರನ್ನು ಕೇಳಲಿ ಹೇಳು? ಇಲ್ಲಿನ ನರ್ಸಿನ ಮಗು ನನ್ನ ಹತ್ತಿರವೇ ಇರುತ್ತದೆ. ಅವಳನ್ನು ಕೇಳಿದರೆ, "ಯಾಕೆ ಕೇಳ್ತೀರಿ, ಮನೇಲಿ ಯಾರಿಗೆ?" ಅನ್ನುತ್ತಾಳೆ. ಕೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಒಬ್ಬ ತಾಯಿ ಮಗುವನ್ನು ಬಿಡಿಸಿಕೊಂಡು ಹೋದರೆ ಸಂಜೆಯೊಳಗೆ ತೊಟ್ಟಿಲೆಲ್ಲ ಖಾಲಿ. ನೀನು ಆಸ್ಪತ್ರೆಯಲ್ಲಿ ಹತ್ತು ಜನರ ಜತೆ ಬೆಂಚಿನ ಮೇಲೆ ಕೂರುತ್ತೀಯ, ನಗುತ್ತೀಯ. ನಾನು ಇದನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ನಿನ್ನ ಕಷ್ಟಕ್ಕಿಂತ ನನ್ನದು ದೊಡ್ಡದು ಅಂತಲ್ಲ. ಆದರೂ ಇದೆ.

ಇನ್ನೂ ಒಂದು ಮಾತು, ಹಲ್ಲು ಕಚ್ಚಿ ಬರೆಯುತ್ತೇನೆ. ಚೂಟಿ ಹೋದರೆ ಈ ಮನೆಯಲ್ಲಿ ಸಂಜೆಯಾದ ಮೇಲೆ ಒಂದು ಮಗುವೂ ಇರುವುದಿಲ್ಲ. ಎಲ್ಲವನ್ನೂ ಅವರವರ ತಾಯಂದಿರು ಕರೆದುಕೊಂಡು ಹೋಗುತ್ತಾರೆ.

ರಜೆ ಶುರುವಾದ ಕೂಡಲೇ ಅವಳನ್ನು ಕರೆದುಕೊಂಡು ಬರುತ್ತೇನೆ. ಮಾತು ಕೊಟ್ಟಿದ್ದೇನೆ. ಅವಳಿಗೆ ನಿನ್ನ ಕಾಯಿಲೆ ಏನಂತ ಗೊತ್ತಿಲ್ಲ, ನೀನೂ ಹೇಳಬೇಡ.

ಅಕ್ಕ

19 ಏಪ್ರಿಲ್

ಅಕ್ಕಾ,

ಊರು ಸೇರಿದಿರಾ? ಚೂಟಿಯ ಮಂಡಿ ಮಾಗಿತಾ?

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಬರಲಿ ಅಂತ ಕಾದೆ, ಬರಲಿಲ್ಲ. ನೀವು ಬರುವ ಹಿಂದಿನ ವಾರವೆಲ್ಲ ನಾನು ಕೋಣೆ ತಿಕ್ಕಿದ್ದೇ ತಿಕ್ಕಿದ್ದು. ಗೋಡೆಗೆ ಸುಣ್ಣ, ಕಿಟಕಿಗೆ ಹೊಸ ಪರದೆ, ಅವಳಿಗೊಂದು ಪುಟ್ಟ ಹಾಸಿಗೆ. ಕೆಳಗಿನ ಮನೆಯವರಿಗೆಲ್ಲ, "ನನ್ನ ಮಗಳು ಬರ್ತಾಳೆ" ಅಂತ ಕೇಳದಿದ್ದರೂ ಹೇಳಿದೆ.

ಬಂದವಳು ಬಾಗಿಲಲ್ಲೇ ನಿಂತು ತನ್ನ ಚೀಲದಿಂದ ಸೋಪು ತೆಗೆದಳು. ಕೈ ತೊಳೆದಳು. ಆಮೇಲೂ ತೊಳೆದಳು. ನನ್ನ ಹತ್ತಿರ ಬಂದಾಗೆಲ್ಲ ನಲ್ಲಿಯ ಸದ್ದು. ಟ್ರಂಕಿನ ತುದಿಯಲ್ಲಿ ಕೂರುತ್ತಿದ್ದಳು, ನನಗೂ ಅವಳಿಗೂ ನಡುವೆ ಯಾವಾಗಲೂ ಮಿಶಿನ್ನು. ಲಂಗದ ಅಳತೆಗೆ ಕರೆದೆ. ಬಂದು ಕಂಬದ ಹಾಗೆ ನಿಂತಳು. ನಾನು ಟೇಪು ಸುತ್ತಿ ತೆಗೆಯುವವರೆಗೂ ಮುಖ ಆಚೆ ತಿರುಗಿಸಿ ಉಸಿರು ಬಿಗಿಹಿಡಿದಿದ್ದಳು. ನನ್ನ ಮೈಯ ಗಾಳಿಯೂ ಬೇಡ ಅನ್ನುವ ಹಾಗೆ. ನೀನು ನೋಡಿದೆ. ನೋಡಿ ಸ್ಟವ್ ಕಡೆ ತಿರುಗಿದೆ.

ಮಂಡಿಯ ಸಂಗತಿ ನೀನು ಪೂರ್ತಿ ನೋಡಲಿಲ್ಲ, ಹಾಲು ತರಲು ಹೋಗಿದ್ದೆ. ಅವಳು ಮೆಟ್ಟಿಲ ಮೇಲೆ ಜಾರಿದಳು. ರಕ್ತ ಬಂತು. ನಾನು ಬಟ್ಟೆ ಹಿಡಿದುಕೊಂಡು ಓಡಿದೆ. ಅವಳು ಕೂತಲ್ಲಿಂದಲೇ ಹಿಂದಕ್ಕೆ ಸರಿಯುತ್ತಾ ಕಿರುಚಿದಳು: "ಬೇಡಮ್ಮ, ಮುಟ್ಬೇಡ! ದೊಡ್ಡಮ್ಮ ಬರ್ಲಿ!" ನಾನು ಇನ್ನೊಂದು ಹೆಜ್ಜೆ ಇಟ್ಟೆ. "ಬರ್ಬೇಡ ಅಂದ್ನಲ್ಲಮ್ಮಾ!" ಅಂತ ಎರಡೂ ಕೈ ಅಡ್ಡ ಹಿಡಿದಳು. ನೀನು ಬರುವವರೆಗೂ ನಾನು ಬಟ್ಟೆ ಹಿಡಿದುಕೊಂಡು ನಿಂತಿದ್ದೆ, ಅವಳು ಗೋಡೆಗೆ ಒತ್ತಿ ಕೂತು ಅಳುತ್ತಿದ್ದಳು. ಹೆತ್ತ ಮಗಳ ರಕ್ತ, ಒರೆಸಲು ನಾನು ಬೇಡ.

ಕಲಿಸಿದ್ದು ನೀನು ಅಂತ ಗೊತ್ತು. ಕಾಯಿಲೆ ಏನಂತ ಅವಳಿಗೆ ಗೊತ್ತಿಲ್ಲ ಅಂತ ನೀನು ಬರೆದಿದ್ದೆ, ಅಷ್ಟು ಹೆದರಬೇಕಾದರೆ ಇನ್ನೇನು ಗೊತ್ತಿರಬೇಕು? ಆದರೂ ಬೈಯುವುದಿಲ್ಲ. ನನ್ನನ್ನು ಕಂಡರೆ ಹೇಸಿಗೆ ಪಡುವ ಮಗುವನ್ನು ಈ ಒಂದು ಕೋಣೆಯಲ್ಲಿ ನನ್ನ ಜತೆ ಕೂಡಿಹಾಕುವುದು ಪಾಪ. ಅವಳು ನಿನ್ನ ಮಗಳಾಗಿಯೇ ಇರಲಿ. ಕೇಳಿದರೆ ಎದೆಯ ತೊಂದರೆ ಜಾಸ್ತಿಯಾಯಿತು ಅಂತ ಹೇಳು.

ಬೆಂಚಿನ ಮೇಷ್ಟ್ರು ಬೇರೊಂದು ಊರಿನ ಹೊಲಿಗೆ ಕೇಂದ್ರದ ಸುದ್ದಿ ಹೇಳಿದರು. ನಮ್ಮಂಥವರೇ ಇರುವ ಜಾಗ, ಇರಲು ಕೋಣೆಯನ್ನೂ ಕೊಡುತ್ತಾರಂತೆ, ಲೋಟಕ್ಕೆ ಯಾರೂ ದಾರ ಕಟ್ಟುವುದಿಲ್ಲ. ತಿಂಗಳ ಕೊನೆಗೆ ಈ ಕೋಣೆ ಬಿಡುತ್ತೇನೆ. ವಿಳಾಸ ಕಳಿಸುವುದಿಲ್ಲ ಅಕ್ಕಾ, ಕಳಿಸಿದರೆ ಪತ್ರ ಬರುತ್ತದಾ ಅಂತ ದಿನವೂ ಕಾಯುತ್ತೇನೆ. ಸಾಕು, ಕಾದದ್ದು ಸಾಕು.

ನಿನ್ನ ಕಡ್ಡಿ

24 ಏಪ್ರಿಲ್

ಕಡ್ಡೀ, ನನ್ನ ತಾಯೀ,

ಈ ಕಾಗದ ನೀನು ಕೋಣೆ ಬಿಡುವ ಮೊದಲು ಸಿಗಲಿ. ಹಿಂದೆಯೇ ನಾವೂ ಹೊರಡುತ್ತಿದ್ದೇವೆ. ಶಿಶುವಿಹಾರಕ್ಕೆ ಬೀಗ ಹಾಕಿದ್ದೇನೆ. ಯಾಕೆ ಅಂತ ಕೇಳಿದ ತಾಯಂದಿರಿಗೆ, "ನನ್ನ ತಂಗಿಗೆ ಎಚ್‌ಐವಿ ಇದೆ, ನೋಡೋಕೆ ಹೋಗ್ತಿದ್ದೀನಿ" ಅಂದೆ. ಊರವರೆದುರು ಬಾಯಿಂದ ಮೊದಲ ಸಲ ಬಂತು. ನರ್ಸು ತನ್ನ ಮಗುವಿನ ಬಾಟಲಿ ಎತ್ತಿಕೊಂಡು ಹೋದಳು. ನಾವು ಬರುವವರೆಗೆ ಕೋಣೆ ಬಿಡಬೇಡ, ನಿನ್ನ ಕಾಲು ಹಿಡಿಯುತ್ತೇನೆ.

ಕಲಿಸಿದ್ದು ನಾನೇ. ಆದರೆ ನೀನು ತಿಳಿದುಕೊಂಡಿರುವುದನ್ನಲ್ಲ.

ಅವಳು ನಿನ್ನ ಹತ್ತಿರ ಹೋಗಬಾರದು ಅನ್ನುವುದಷ್ಟೇ ನನಗೆ ಬೇಕಿತ್ತು. ನಿನ್ನಿಂದ ಅವಳಿಗೆ ಬರುತ್ತದೆ ಅಂತ ಹೇಳಲು ನಾಲಿಗೆ ಏಳಲಿಲ್ಲ. ನಾಳೆ ಶಾಲೆಯಲ್ಲಿ ಬಾಯಿಬಿಟ್ಟರೆ ಅನ್ನುವ ಹೆದರಿಕೆ ಬೇರೆ. ಅದಕ್ಕೆ ತಿರುಗಿಸಿ ಹೇಳಿದೆ. ಅಮ್ಮನ ಮೈಯಲ್ಲಿ ಶಕ್ತಿ ಇಲ್ಲ, ನಮ್ಮ ಕೈಯ ಕೊಳೆ, ನಮ್ಮ ಉಸಿರು, ನಮ್ಮ ಗಾಯದ ರಕ್ತ ತಾಕಿದರೆ ಅಮ್ಮ ಉಳಿಯಲ್ಲ ಅಂದೆ. ಜಾಣತನ ಅಂದುಕೊಂಡಿದ್ದೆ. ಅವಳು ನಂಬಿದಳು. ನಿನಗೆ ಎರಡು ಸಾಲು ಬರೆಯಲಿಲ್ಲ ಯಾಕೆ ಅಂದುಕೊಂಡೆ? ತಾನು ಮುಟ್ಟಿದ ಕಾಗದ ನೀನು ಮುಟ್ಟುತ್ತೀಯ ಅಂತ. ಅವಳು ಕೈ ತೊಳೆದದ್ದು ನಿನ್ನನ್ನು ಮುಟ್ಟಿದ ಮೇಲಲ್ಲ ಕಡ್ಡೀ, ನಿನ್ನ ಹತ್ತಿರ ಬರುವ ಮೊದಲು.

ವಾಪಸು ಬರುವಾಗ ಬಸ್ಸಿನಲ್ಲಿ, "ಅಳತೆ ತಗೊಳ್ವಾಗ ನಾನು ಉಸಿರೇ ಬಿಡ್ಲಿಲ್ಲ ದೊಡ್ಡಮ್ಮ, ಅಮ್ಮಂಗೆ ಏನೂ ಆಗಲ್ಲ ಅಲ್ವಾ?" ಅಂತ ಕೇಳಿದಳು. ಆಗಲೂ ನಾನು ನಿಜ ಹೇಳಲಿಲ್ಲ. ಆಗಲ್ಲ ಮಲಗು ಅಂದೆ. ಬಸ್ಸು ತಿರುಗಿಸಿ ಅಂತ ಡ್ರೈವರ್‌ಗೆ ಹೇಳಬೇಕಿತ್ತು.

ನಿನ್ನ ಪತ್ರ ಓದಿದ ಮೇಲೆ ಡಾಕ್ಟರನ್ನು ಕೇಳಿ ತಿಳಿದುಕೊಂಡು ಬಂದು ಅವಳನ್ನು ಎದುರಿಗೆ ಕೂರಿಸಿಕೊಂಡೆ. ಅಮ್ಮನ ಕಾಯಿಲೆಯ ಹೆಸರು ಹೇಳಿದೆ. ದೊಡ್ಡಮ್ಮ ಸುಳ್ಳು ಹೇಳಿದ್ದಳು ಅಂದೆ. ಮುಟ್ಟಿದರೆ ಅಮ್ಮನಿಗೂ ಏನೂ ಆಗುವುದಿಲ್ಲ, ನಿನಗೂ ಏನೂ ಆಗುವುದಿಲ್ಲ ಅಂದೆ. ಅವಳು ಅಳಲಿಲ್ಲ. ತನ್ನ ಮಂಡಿಯ ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸುತ್ತಾ ಕೇಳಿದಳು:

"ಹಾಗಾದ್ರೆ ಅಮ್ಮನ ಪಕ್ಕ ಮಲಗ್ಬಹುದಿತ್ತಾ?"

"ಹೂಂ."

"ಮೊದಲಿಂದ್ಲೂನಾ?"

"ಮೊದಲಿಂದ್ಲೂ ಮಗಳೇ."

ಎದ್ದು ಹೋಗಿ ತನ್ನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. ಆವತ್ತಿನಿಂದ ನನ್ನ ಜತೆ ಒಂದು ಮಾತೂ ಆಡಿಲ್ಲ.

ಅಕ್ಕ